ಬೆನ್ನ ಹಿಂದಿನ ಜಾಗ

"ಈ ಮೋಟುಕಾಲಿಟ್ಟುಕೊಂಡು ನೀನು ಚೆಂಡಾಟ ಆಡೋದು ಈ ಜನ್ಮದಲ್ಲಿ ಆಗದ ಮಾತು" ಎಂದು ಮೊದಲ ದಿನವೇ ವೊಂಬ್ಯಾಟಿಗೆ ಹೇಳಿದವನು ಕಾಂಗರೂ. ಬಿಲ ತೋಡಿ ಬದುಕುವ ಆ ಗಿಡ್ಡಿ ಆದರೂ ಮೈದಾನಕ್ಕೆ ಇಳಿದಿದ್ದಳು.

ಈಗ ತಂಡದ ನಾಯಕರನ್ನು ಆರಿಸುವ ದಿನ ಬಂದಿತ್ತು. ಅಲ್ಲಿನ ಪದ್ಧತಿಯಂತೆ ಪ್ರತಿ ಆಟಗಾರನೂ ತಾನು ನಂಬುವವರ ಬೆನ್ನ ಹಿಂದೆ ಹೋಗಿ ನಿಲ್ಲಬೇಕು; ಯಾರ ಹಿಂದೆ ಹೆಚ್ಚು ಮಂದಿಯೋ ಅವರೇ ನಾಯಕರು. ಒಬ್ಬರಾದರೂ ತನ್ನ ಹಿಂದೆ ನಿಂತರೆ ಸಾಕು ಎಂದು ವೊಂಬ್ಯಾಟ್ ಆಸೆಪಟ್ಟಿದ್ದಳು.

"ನನ್ನಷ್ಟು ಎತ್ತರ ಹಾರಿ ಚೆಂಡು ಹಿಡಿಯುವವರು ಯಾರಿದ್ದೀರಿ? ಸಾಲಾಗಿ ಬನ್ನಿ," ಎಂದ ಕಾಂಗರೂ.

"ಮೊದಲು ನೀನು ಯಾರ ಹಿಂದೆ ನಿಲ್ಲುತ್ತೀಯಪ್ಪಾ? ನಿನ್ನ ಹಿಂದೆ ನೀನೇ ನಿಲ್ಲೋಕಾಗಲ್ಲ," ಎಂದಳು ಹಳೆಯ ನಾಯಕಿ ಎಮು ಹಕ್ಕಿ.

ಕಾಂಗರೂ ಯೋಚಿಸಿದ. ತಾನು ಚೆಂಡು ಹಿಡಿದು ನೆಲಕ್ಕಿಳಿದಾಗಲೆಲ್ಲ ಎದುರಾಳಿ ಕಾಡುನಾಯಿಗಳು ಮೈಮೇಲೆ ಬೀಳದಂತೆ ಹಲಗೆಯಂಥ ಬೆನ್ನನ್ನು ಅಡ್ಡ ಕೊಟ್ಟವಳು ಯಾರೆಂದು ನೆನಪಾಯಿತು. ತಲೆ ತಗ್ಗಿಸಿ ಬಂದು ವೊಂಬ್ಯಾಟಿನ ಹಿಂದೆ ನಿಂತ. ಉಳಿದವರೂ ಬಂದು ನಿಂತರು.

ವೊಂಬ್ಯಾಟಿಗೂ ಒಬ್ಬರನ್ನು ಆರಿಸುವುದಿತ್ತು. ಅವಳು ಸುತ್ತಿ ಬಂದು ಕಾಂಗರೂವಿನ ಹಿಂದೆ ನಿಂತಳು.

"ಅಂದು ಹಾಗಂದವನ ಹಿಂದೆ ನಿಲ್ಲುತ್ತೀಯಾ ಅಕ್ಕಾ?" ಎಂದ ಕಾಂಗರೂ.

"ನೀನು ಹಾಗಂದಿದ್ದಕ್ಕೇ ನಾನು ದಿನಾ ಎಲ್ಲರಿಗಿಂತ ಮೊದಲು ಮೈದಾನಕ್ಕೆ ಬಂದೆ ಕಣಪ್ಪ. ನಿನ್ನ ಉಪಕಾರ ಮರೆಯಲಾರೆ."

ಈಗ ನಾಯಕಿಯ ಪಟ್ಟ ಅವಳದು. ಅದಕ್ಕೆ ತೆತ್ತದ್ದು ಹರಿದ ಒಂದು ಕಿವಿ, ಮತ್ತೆಂದೂ ಕೂದಲು ಹುಟ್ಟದ ಬೆನ್ನು.