ಮುರಿಗೆಪ್ಪ ಹೊಳಪು ತಂದ ದೋಣಿ

ಹೊಳೆ ದಂಡೆಯ ಒಂದು ಸಣ್ಣ ಮಠದಲ್ಲಿ ಅಡವಯ್ಯ ಅಜ್ಜಾರು ಇದ್ದರು. ಮುರಿಗೆಪ್ಪ ಅವರ ಶಿಷ್ಯ.

ಮಠಕ್ಕೆ ಒಂದು ಫೈಬರ್ ದೋಣಿ ಇತ್ತು. ಭಕ್ತರೊಬ್ಬರು ಕೊಟ್ಟದ್ದು. ಆಚೆ ದಂಡೆಯ ಹೊಲಗಳಿಗೆ ಹೋಗುವವರು ಅದರಲ್ಲೇ ದಾಟುತ್ತಿದ್ದರು. ಹುಟ್ಟು ಹಾಕುವುದು ಮುರಿಗೆಪ್ಪನ ಸೇವೆ.

ಬಂದಾಗ ದೋಣಿ ಗಾಢ ನೀಲಿ ಇತ್ತು. ವರ್ಷಗಳ ಬಿಸಿಲಿಗೆ ಬಣ್ಣ ಸತ್ತು, ಮೈಯೆಲ್ಲ ಸುಣ್ಣ ಬಳಿದಂತಾಗಿತ್ತು. ಒರಗಿ ಕುಳಿತವರ ಬಟ್ಟೆಗೆ ಬಿಳಿ ಪುಡಿ ಹತ್ತುತ್ತಿತ್ತು.

ದೋಣಿ ಕೊಟ್ಟ ಭಕ್ತರು ಮಠಕ್ಕೆ ಬರುತ್ತಾರೆಂಬ ಸುದ್ದಿ ಬಂತು. ಮುರಿಗೆಪ್ಪನಿಗೆ ನಾಚಿಕೆಯಾಯಿತು. ಅವರು ಬರುವುದರೊಳಗೆ ದೋಣಿಯನ್ನು ಹೊಸದರಂತೆ ಮಾಡುತ್ತೇನೆ, ಅಪ್ಪಣೆ ಕೊಡಿ ಎಂದು ಅಜ್ಜಾರನ್ನು ಕೇಳಿದ.

ಅಜ್ಜಾರು ದೋಣಿಯ ಮೈಮೇಲೆ ಅಂಗೈ ಆಡಿಸಿ, ಬೆಳ್ಳಗಾದ ಕೈಯನ್ನು ಅವನ ಮುಂದೆ ಹಿಡಿದರು.

“ಏನಿದು?”

“ಧೂಳು, ಅಜ್ಜಾರ.”

“ಧೂಳಲ್ಲ. ದೋಣೀನ ಮೈನ ಇದು. ಬಿಸಿಲಿಗೆ ಸತ್ತ ತೊಗಲು.”

ಮೊದಲು ಸಾಬೂನು ನೀರಿನಿಂದ ತೊಳೆ, ಆಮೇಲೆ ಪಾಲಿಶ್ ಹಚ್ಚಿ ಬಟ್ಟೆಯಿಂದ ಹಗುರಾಗಿ ತಿಕ್ಕು, ಕೊನೆಗೆ ಮೇಣ ಸವರು ಎಂದು ಹೇಳಿಕೊಟ್ಟರು. ಹೊರಟವರು ತಿರುಗಿ ನಿಂತು ಇಷ್ಟೇ ಹೇಳಿದರು.

“ನೀಲಿ ಕಂಡಕೂಡ್ಲೆ ಕೈ ಬಿಡು.”

ಮುರಿಗೆಪ್ಪ ದೋಣಿಯನ್ನು ದಂಡೆಗೆ ಎಳೆದು ಬೋರಲು ಹಾಕಿದ. ತೊಳೆದ. ತಿಕ್ಕಿದ. ಬಿಳಿ ಪುಡಿಯ ಕೆಳಗಿನಿಂದ ನೀಲಿ ಎದ್ದು ಬಂತು. ಹಾದಿಯಲ್ಲಿ ಹೋಗುವವರು ನಿಂತು ನೋಡಿದರು. ಕೈಯಲ್ಲಿ ಏನು ಗುಣ ಇದೆಯಪ್ಪ ನಿನಗೆ ಎಂದು ಹೊಗಳಿದರು.

ತಳದ ಹತ್ತಿರ ಒಂದು ಮಂಕು ಕಲೆ ಉಳಿದಿತ್ತು. ಎಷ್ಟು ತಿಕ್ಕಿದರೂ ಹೋಗಲಿಲ್ಲ. ಅವನು ಬಡಿಗರ ಮನೆಗೆ ಹೋಗಿ ಉಜ್ಜುವ ಮಷಿನ್ ತಂದ. ಅದಕ್ಕೆ ಒರಟು ಸ್ಯಾಂಡ್‌ಪೇಪರ್ ಸಿಕ್ಕಿಸಿದ.

ಕಲೆ ಹೋಯಿತು. ಆದರೆ ಅಲ್ಲಿ ಮೈ ನುಣುಪಾದ ಮೇಲೆ ಪಕ್ಕದ್ದು ಒರಟಾಗಿ ಕಂಡಿತು. ಅದನ್ನೂ ಉಜ್ಜಿದ. ಮತ್ತೆ ಮೊದಲಿನ ಜಾಗಕ್ಕೆ ಬಂದ. ನೀಲಿ ತಿಳಿಯಾಯಿತು, ಬೂದಿ ಬಣ್ಣವಾಯಿತು. ಅವನು ನಿಲ್ಲಿಸಲಿಲ್ಲ.

ಪುಡಿಯ ನಡುವೆ ಏನೋ ಕೂದಲಿನಂಥದ್ದು ಎದ್ದು ಬಂತು.

ಮಷಿನ್ ನಿಲ್ಲಿಸಿ ಬೆರಳಿನಿಂದ ಮುಟ್ಟಿದ. ಮುಳ್ಳಿನಂತೆ ಚುಚ್ಚಿತು. ದೋಣಿಯ ಒಳಮೈಯ ನಾರು ಅದು.

ಅವನು ಬೋರಲು ದೋಣಿಯ ಕೆಳಗೆ ನುಸುಳಿ ಮೇಲೆ ನೋಡಿದ. ಸುತ್ತ ಕತ್ತಲೆ. ನಡುವೆ ಅಂಗೈ ಅಗಲದ ಜಾಗ ಬೆಳಗುತ್ತಿತ್ತು. ಹೊರಗಿನ ಬಿಸಿಲು ದೋಣಿಯನ್ನು ತೂರಿ ಒಳಗೆ ಬರುತ್ತಿತ್ತು. ಹೆಬ್ಬೆರಳಿಂದ ಒತ್ತಿದ. ಹಪ್ಪಳದಂತೆ ಬಾಗಿತು.

ಮುರಿಗೆಪ್ಪ ತಟ್ಟನೆ ಕೈ ಹಿಂದೆಗೆದ.

ಹೊರಗೆ ನುಸುಳಿ ಹೋಗಿ ಅಜ್ಜಾರನ್ನು ಕರೆತಂದ. ಆ ವಯಸ್ಸಿನಲ್ಲೂ ಅವರು ಮಂಡಿಯೂರಿ ಒಳಗೆ ನುಸುಳಿ ಆ ಬೆಳಕನ್ನು ನೋಡಿದರು. ಹೊರಬಂದು ಮೊಣಕಾಲಿನ ಮರಳು ಕೊಡವಿಕೊಂಡರು.

ಮುರಿಗೆಪ್ಪನೇ ಬಾಯಿಬಿಟ್ಟ. ನಾಳೆಯೇ ಭಕ್ತರು ಬರುತ್ತಾರೆ. ನೀಲಿ ಪೇಂಟ್ ಇದೆ, ಬಳಿದರೆ ಕಾಣುವುದಿಲ್ಲ. ಅವರು ದಂಡೆಯಲ್ಲೇ ನಿಂತು ನೋಡಿ ಹೋಗುತ್ತಾರೆ, ಆಮೇಲೆ ಸರಿಮಾಡಿಸಿದರಾಯಿತು ಎಂದ.

“ಹಚ್ಚಲೇನ್ರಿ, ಅಜ್ಜಾರ?”

“ಹಚ್ಚು.”

ಮುರಿಗೆಪ್ಪ ಬೆಚ್ಚಿದ. ಬೇಡ ಅನ್ನುತ್ತಾರೆಂದೇ ಅವನು ಕೇಳಿದ್ದ. ಅಜ್ಜಾರು ಆಗಲೇ ಮಠದ ಕಡೆ ನಡೆದಿದ್ದರು.

ಅವನು ಪೇಂಟ್ ಹಚ್ಚಿದ.

ಮರುದಿನ ಬೆಳಿಗ್ಗೆ ದೋಣಿ ನೀರಿನಲ್ಲಿ ನಿಂತಿತ್ತು. ಅಂಥ ಹೊಳಪನ್ನು ಆ ಊರಿನವರು ಕಂಡಿರಲಿಲ್ಲ. ಭಕ್ತರೂ ಅವರ ಹೆಂಡತಿಯೂ ಬಂದರು. ಕಳೆ ತೆಗೆಯಲು ಹೊರಟ ಹೆಣ್ಣುಮಕ್ಕಳು ಬುತ್ತಿ ಹಿಡಿದು ನಿಂತಿದ್ದರು. ಭಕ್ತರಿಗೆ ಹಿಗ್ಗೋ ಹಿಗ್ಗು. ನಾವೂ ಇವರ ಜೊತೆ ಆಚೆ ದಂಡೆಗೆ ಹೋಗಿಬರುತ್ತೇವೆ ಅಂದುಬಿಟ್ಟರು.

ಮುರಿಗೆಪ್ಪ ಹುಟ್ಟು ಹಿಡಿದು ದೋಣಿಯ ಪಕ್ಕ ನೀರಿನಲ್ಲಿ ನಿಂತಿದ್ದ.

ಅಷ್ಟರಲ್ಲಿ ಅಜ್ಜಾರು ಕೋಲೂರಿಕೊಂಡು ಇಳಿದು ಬಂದರು. ಎಲ್ಲರಿಗೂ ಇರಿ ಎಂದು ಸನ್ನೆ ಮಾಡಿ, ಕಾವಿ ಮೇಲೆತ್ತಿ ಮೊಣಕಾಲುದ್ದ ನೀರಿಗೆ ನಡೆದರು. ದೋಣಿಯ ಅಂಚು ಹಿಡಿದರು. ಮುರಿಗೆಪ್ಪನ ಮುಖ ನೋಡಿದರು.

ಮುರಿಗೆಪ್ಪ ಕೈಯಲ್ಲಿದ್ದ ಹುಟ್ಟನ್ನು ನೋಡಿದ. ಹೊಳೆ ಶಾಂತವಾಗಿದೆ, ದಾಟುವುದು ಎಷ್ಟು ಹೊತ್ತಿನ ಮಾತು, ಏನೂ ಆಗುವುದಿಲ್ಲ ಎಂದು ಮನಸ್ಸಿನಲ್ಲೇ ಹೇಳಿಕೊಂಡ. ನಾಲಿಗೆ ಏಳಲಿಲ್ಲ.

ಹಿಂದಿನಿಂದ ಒಬ್ಬ ಹೆಂಗಸು ಗಂಟು ಹೊತ್ತು ಸರಸರ ಬಂದಳು. ಅವನ ತಾಯಿ ಗಂಗವ್ವ. ಆಚೆ ದಂಡೆಯ ಮಗಳ ಮನೆಗೆ ಹೊರಟಿದ್ದಳು. ಬರುವ ಸುದ್ದಿ ಅವನಿಗೆ ಇರಲಿಲ್ಲ. ಗಂಟು ಭಾರ ಐತ್ರಿ, ಇದನ್ನಷ್ಟು ಇಟ್ಟುಬಿಡ್ತೀನಿ ಎನ್ನುತ್ತ, ಅಜ್ಜಾರು ಕೈ ಅಡ್ಡ ಮಾಡುವಷ್ಟರಲ್ಲಿ ದೋಣಿಯೊಳಗೆ ಒಂದು ಕಾಲಿಟ್ಟಳು.

ಮುರಿಗೆಪ್ಪ ಹುಟ್ಟು ಬಿಸಾಕಿ ಅವಳ ನಡು ಹಿಡಿದು ಹಿಂದಕ್ಕೆ ಎಳೆದ. ಇಬ್ಬರೂ ನೀರಿಗೆ ಬಿದ್ದರು. ಗಂಟು ಬಿಚ್ಚಿ ರೊಟ್ಟಿ ತೇಲಿದವು.

ಹುಡುಗನಿಗೆ ಹುಚ್ಚು ಹಿಡಿಯಿತು ಎಂದೇ ಎಲ್ಲರೂ ತಿಳಿದರು. ಅವನು ಎದ್ದು, ತೇಲುತ್ತಿದ್ದ ಹುಟ್ಟನ್ನು ಎತ್ತಿಕೊಂಡು, ದೋಣಿಯೊಳಗೆ ಬಾಗಿ, ಅದರ ಹಿಡಿಯಿಂದ ಉಜ್ಜಿ ತೆಳ್ಳಗಾಗಿದ್ದ ಆ ಜಾಗಕ್ಕೆ ಕುಟ್ಟಿದ. ಕುಟ್ಟಿದ ಕೂಡಲೇ ತೂತು ಬಿತ್ತು. ನೀರು ಬುಗ್ಗೆಯಂತೆ ಒಳಗೆ ಉಕ್ಕಿತು.

ಭಕ್ತರ ಹೆಂಡತಿ ದಂಡೆಯ ಮೇಲೆ ಹಾಗೆಯೇ ಕುಸಿದು ಕುಳಿತರು. ಹೆಣ್ಣುಮಕ್ಕಳು ಒಬ್ಬರ ಕೈ ಒಬ್ಬರು ಹಿಡಿದು ಹಿಂದೆ ಸರಿದರು.

ಗಂಗವ್ವನಿಗೆ ಎಲ್ಲ ತಿಳಿಯಿತು. ಅವಳು ಬೈಯಲಿಲ್ಲ. ಒದ್ದೆ ಸೆರಗು ಹಿಂಡುತ್ತ ಮೆಲ್ಲಗೆ ಕೇಳಿದಳು.

“ನಾ ಬರದಿದ್ರ, ಮುರಿಗಿ?”

ತಾಯಿ ಹೋಗಿ ಆ ಹೆಣ್ಣುಮಕ್ಕಳ ನಡುವೆ ನಿಂತಳು. ಮಗನ ಹತ್ತಿರ ಬರಲಿಲ್ಲ.

ದೋಣಿ ನಿಧಾನವಾಗಿ ನೀರಿನ ತಳಕ್ಕೆ ಕೂತಿತು.

ಮುರಿಗೆಪ್ಪ ಗುರುವಿನ ಕಡೆ ತಿರುಗಿದ.

“ನಿಮಗ ಗೊತ್ತಿತ್ತು, ಅಜ್ಜಾರ. ಒಳಗ ಹೊಕ್ಕು ನೋಡಿದ್ರಿ. ಆದ್ರೂ ಹಚ್ಚು ಅಂದ್ರಿ. ಇಷ್ಟು ಜನರನ್ನ ಏರಾಕ ಬಿಡಾವ್ರಿದ್ರೇನು?”

ಅಜ್ಜಾರ ಕೈ ಇನ್ನೂ ದೋಣಿಯ ಅಂಚಿನ ಮೇಲೇ ಇತ್ತು.

“ಇಲ್ಲ. ನಾ ಒಬ್ಬನೇ ಏರಾಂವ ಇದ್ದೆ. ನೀ ಬ್ಯಾಡ ಅಂತೀ ಏನೋ ಅಂತ ನಿನ್ನ ಮಾರಿ ನೋಡಾಕತ್ತಿದ್ದೆ.”