ಹಿಂದಕ್ಕೆ ನೋಡುವ ಹಂಸ

"ಕೋಟೆಯ ದುರಸ್ತಿಗಾಗಿ ಅರಮನೆಯ ಕುಸುರಿ ಸಾಮಾನುಗಳನ್ನು ನಾಳೆ ಕರಗಿಸಲಾಗುವುದು, ಕರಗದ್ದನ್ನು ಕುಲುಮೆಗೆ ಉರುವಲಾಗಿ ಸುಡಲಾಗುವುದು. ಅಷ್ಟರೊಳಗೆ ರಾಜಕುಮಾರಿಯ ಮೂರು ಒಗಟು ಬಿಡಿಸಿದವನು ಬೇಡಿದ್ದನ್ನು ಪಡೆಯುವನು. ಸೋತವನು ತಲೆ ಕೊಡುವನು!"

ಡಂಗುರದವನ ದನಿಯೂ ಬಳಲಿತ್ತು. ಸಾಮಾನು ಉಳಿಯಬೇಕೆಂದು ರಾಜಕುಮಾರಿ ಲಕುಮಾದೇವಿಯ ಹಟ. ವಾದಿಸಿ ಸಾಕಾಗಿದ್ದ ಮುದಿ ಅರಸ ಈ ಷರತ್ತಿಗೆ ಒಪ್ಪಿದ್ದ. "ಅವನ್ನು ಬಲ್ಲವನು ಒಬ್ಬನಾದರೂ ಸಿಕ್ಕರೆ ಇರಲಿ. ಇಲ್ಲದಿದ್ದರೆ ಯಾರಿಗಾಗಿ ಇಟ್ಟುಕೊಳ್ಳುವುದಮ್ಮ?"

ಮೊದಲು ನೆರೆನಾಡಿನ ರಾಜಕುಮಾರ ಬಂದ. ಲಕುಮಾದೇವಿ ಕೇಳಿದಳು: "ಅಕ್ಕತಂಗಿಯರು ಒಂದೇ ಮೈಯಲ್ಲಿದ್ದಾರೆ. ಇಬ್ಬರಿಗೂ ಒಂದೇ ಮಣ್ಣು ಬಳಿದರೆ ಅಕ್ಕ ಕಪ್ಪಾಗುತ್ತಾಳೆ, ತಂಗಿ ಬೆಳ್ಳಗೇ ಉಳಿಯುತ್ತಾಳೆ. ಯಾರವರು?"

"ಇರುಳು, ಬೆಳದಿಂಗಳು."

ತಳವಾರ ಅವನನ್ನು ಕರೆದೊಯ್ದ.

ಮುಂದೆ ಬಂದ ಆಸ್ಥಾನದ ಪಂಡಿತರೊಬ್ಬರು ಜಾಣರು. "ಅದನ್ನು ಕೊನೆಗೆ ಹೇಳುತ್ತೇನೆ, ಎರಡನೆಯದು ಕೇಳಿ," ಎಂದರು.

"ಹೋಗುವಾಗ ಅರ್ಧ ದಾರಿ ತುಂಬುತ್ತದೆ, ಅದೇ ದಾರಿಯಲ್ಲಿ ಮರಳಿದಾಗ ಪೂರ್ತಿ. ಮುಖವುಂಟು, ಬೆನ್ನಿಲ್ಲ."

"ಕಾಶೀಯಾತ್ರೆ!"

"ಕಾಶಿಗೆ ಹೋದವರಿಗೆ ಬೆನ್ನಿರುವುದಿಲ್ಲವೇ, ಪಂಡಿತರೆ?"

ಅವರೂ ಸೆರೆಮನೆ ಸೇರಿದರು. ಇಬ್ಬರ ತಲೆಗೂ ಸಂಜೆಯ ಗಡುವು. ಆಮೇಲೆ ಯಾರೂ ಬರಲಿಲ್ಲ.

ಅಂಗಳದಲ್ಲಿ ಕುಲುಮೆ ಹೂಡುತ್ತ ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದ ಮೋನಪ್ಪ ಕೈ ಒರೆಸಿಕೊಂಡು ಎದ್ದು ಬಂದ. ಬೆಳ್ಳಿ ಕರಗಿಸಲು ಕರೆಸಿದ್ದವನು ಅವನು.

"ತಾಯೀ, ನಾನು ಹೇಳಲೇ?"

"ನಿನ್ನ ಕೂಲಿ ನಿನಗೆ ಸಿಗುತ್ತದಲ್ಲ, ತಲೆ ಯಾಕೆ ಕೊಡುತ್ತೀಯೋ?" ಎಂದ ಅರಸ.

"ಕರಗಿಸಿ ಕರಗಿಸಿ ಸಾಕಾಗಿದೆ, ಒಡೆಯ." ಮೋನಪ್ಪ ರಾಜಕುಮಾರಿಯ ಕಡೆ ತಿರುಗಿದ. "ಅಕ್ಕತಂಗಿಯರು ಬಿದರಿ ಹೂಜಿಯ ಸತು, ಬೆಳ್ಳಿ. ಹಳೇ ಕೋಟೆಯ ಮಣ್ಣು ಬಳಿದರೆ ಸತು ಕಪ್ಪಾಗುತ್ತದೆ, ಬೆಳ್ಳಿ ಆಗುವುದಿಲ್ಲ. ಬೆನ್ನಿಲ್ಲದ್ದು ನಮ್ಮವ್ವ ಹಾಕುತ್ತಿದ್ದ ಕಸೂತಿ. ಸೂಜಿ ಹೋಗುವಾಗ ಬಿಟ್ಟ ಜಾಗವನ್ನು ಬರುವಾಗ ತುಂಬುತ್ತದೆ. ಸೀರೆ ಮಗುಚಿದರೂ ಅದೇ ಗೋಪುರದ ಚಿತ್ತಾರ."

ಲಕುಮಾದೇವಿ ಬೀಟೆಮರದ ಪೆಟ್ಟಿಗೆಯೊಂದನ್ನು ಮುಂದಿಟ್ಟಳು. "ಮುಚ್ಚಳದಲ್ಲಿ ಇಪ್ಪತ್ತು ದಂತದ ಹಂಸ. ಹತ್ತೊಂಬತ್ತು ಮುಂದೆ ನೋಡುತ್ತವೆ, ಒಂದು ಹಿಂದಕ್ಕೆ. ಏಕೆ?"

"ಅದರಲ್ಲೇನು ಒಗಟು?" ಅರಸ ಸಿಡುಕಿದ. "ಕೆತ್ತಿದವನ ತಪ್ಪು. ಅದಕ್ಕೇ ಅವನನ್ನು ಊರು ಬಿಡಿಸಿದೆ."

ಮೋನಪ್ಪ ಮುಚ್ಚಳ ಮಗುಚಿದ. "ಕರಗಿಸುವವರು ಮೊದಲು ನೋಡುವುದು ಅಡಿಯನ್ನೇ. ಇಲ್ಲಿ ಮರದ ಗಂಟಿದೆ, ಒಡೆಯ. ದಂತ ಕೂರಿಸಲು ಕತ್ತನ್ನು ಮುಂದಕ್ಕೆ ಕೊರೆದಿದ್ದರೆ ಉಳಿ ಇದರ ಮೇಲೇ ಬಿದ್ದು ಮುಚ್ಚಳ ಸೀಳುತ್ತಿತ್ತು. ಹಂಸದ ಕತ್ತು ತಿರುಗಿಸಿ ಅವನು ಮರ ಉಳಿಸಿದ."

"ಅದೇ ಉತ್ತರ," ಎಂದಳು ರಾಜಕುಮಾರಿ.

ಅರಸ ಗಂಟಿನ ಮೇಲೆ ಬಹಳ ಹೊತ್ತು ಬೆರಳಾಡಿಸಿದ. "ಅವನೂ ಇದನ್ನೇ ಹೇಳಿದ್ದ. ನಾನು ಮಗುಚಿ ನೋಡಲಿಲ್ಲ. ಏನು ಬೇಕು, ಕೇಳಪ್ಪ."

"ಆ ಇಬ್ಬರ ತಲೆ ಉಳಿಯಲಿ. ಸಾಮಾನು ಹೊರಗಿಡಿ, ಬಂದವರು ಕೈಗೆತ್ತಿಕೊಂಡು ನೋಡಿ ಕಲಿಯಲಿ. ತೋರಿಸುವ ಕೆಲಸ ನನಗಿರಲಿ."

ಹಾಗೆಯೇ ಆಯಿತು. ಕೆತ್ತಿದವನನ್ನು ಹುಡುಕಲು ಆಳುಗಳು ಹೋದರು. ಅವನು ಸತ್ತು ಎಂಟು ವರ್ಷವಾಗಿತ್ತು. ಅವನ ಮಗಳು ಬಂದಳು. ಮೋನಪ್ಪ ಮುಚ್ಚಳವನ್ನು ಅವಳ ಕೈಗಿತ್ತ.

ಅವಳು ನೋಡಿ ಮುಗಿಸುವವರೆಗೂ ಅರಸ ಎದ್ದು ನಿಂತೇ ಇದ್ದ.