ಅಗಲ ಟೈರಿನ ಪೂಜೆ

ರೈಸ್‌ಮಿಲ್ ಮಾಲೀಕ ತೋಟಪ್ಪನವರ ಹೈಬ್ರಿಡ್ ಕಾರಿನ ಟೈರುಗಳು ಸವೆದಿದ್ದವು. "ಪೆಟ್ರೋಲ್ ಉಳಿಸೋ ಟೈರು ಹಾಕಿಸೋಣ" ಅಂದ ಡ್ರೈವರ್.

"ಅವು ಬಡಕಲು. ನಂಗೆ ಅಗಲದ್ದೇ ಬೇಕು, ಗತ್ತು ಕಾಣ್ಬೇಕು. ಆದ್ರೆ ಮೈಲೇಜ್ ಬಿದ್ರೆ ನಿನ್ನ ಕೆಲಸ ಹೋಯ್ತು!"

ಡ್ರೈವರ್ ಅಗಲ ಟೈರು ಹಾಕಿಸಿ, ಟೈರಂಗಡಿ ಮುಂದೆಯೇ ಪೂಜೆ ಮಾಡಿ, ಚಕ್ರಗಳ ಮುಂದೆ ನಿಂಬೆಹಣ್ಣಿಟ್ಟ.

"ಎಂಜಿನ್ ಬೇಡ ಯಜಮಾನ್ರೇ. ನೀವೇ ತಳ್ಳಿ ಹಣ್ಣಿನ ಮೇಲೆ ಹತ್ತಿಸಿದ್ರೆ ಒಳ್ಳೇದು."

ತೋಟಪ್ಪನವರು ತಳ್ಳಿದರು. ಮುಖ ಕೆಂಪಾಯಿತು, ಅಂಗಿ ಒದ್ದೆಯಾಯಿತು. ಜಪ್ಪಯ್ಯ ಅಂದರೂ ಕಾರು ಅಲ್ಲಾಡಲಿಲ್ಲ.

"ಥೂ, ಎಂಥಾ ದರಿದ್ರ ಟೈರೋ ಇದು!"

"ನೀವು ಒಂದ್ಸಲ ತಳ್ಳಿ ಬೈದ್ರಿ. ದಿನಾ ತಳ್ಳೋ ಪೆಟ್ರೋಲಿಗೆ ಬಾಯಿಲ್ಲ, ಯಜಮಾನ್ರೇ."

ತೋಟಪ್ಪನವರು ಅಂಗಡಿ ಮೆಟ್ಟಿಲ ಮೇಲೆ ಕುಸಿದು ಕೂತರು. "ಬಿಚ್ಚಿಸು. ಆ ಬಡಕಲನ್ನೇ ಹಾಕ್ಸು."

ಡ್ರೈವರ್ ಅವರಿಗೆ ನೀರು ಕೊಟ್ಟ. ಆಮೇಲೆ ಕಾರಿನೊಳಗೆ ಕೈಹಾಕಿ, ಸದ್ದಿಲ್ಲದೆ ಹ್ಯಾಂಡ್‌ಬ್ರೇಕ್ ಇಳಿಸಿದ.